ಕಣಿವೆಯ ಬಾಯಲ್ಲಿ ಅತ್ತೆಯ ಹೊಲ

ಅಸಹ್ಯವಾದಾಗ ನನ್ನ ಸೋದರತ್ತೆಯ ಮೇಲ್ದುಟಿ ಎಡಗಡೆಗೆ ಮಾತ್ರ ಮೇಲೇಳುತ್ತಿತ್ತು; ಜೊತೆಗೆ ಮೂಗುಬೊಟ್ಟು ಅಲುಗುತ್ತಿತ್ತು. ಗಂಡ ತೀರಿಕೊಂಡು ಪದ್ಮನಾಭನಗರದ ನಮ್ಮ ಮನೆಗೆ ಬಂದು ನೆಲೆಸಿದ ಮೇಲೆ ಆ ತುಟಿ ಕೆಳಗಿಳಿದದ್ದೇ ಕಡಿಮೆ. ಹಾಲಿನ ಪ್ಯಾಕೆಟ್ಟು ಕತ್ತರಿಸಿದರೆ ಮೊದಲು ಮೂಸುವರು. ಬನಶಂಕರಿ ಮಾರ್ಕೆಟ್ಟಿನಲ್ಲಿ ಸೊಪ್ಪಿನ ಕಟ್ಟು ಎತ್ತಿ, "ಇದು ಮೋರಿ ನೀರಲ್ಲಿ ಬೆಳ್ದಿರೋದು," ಎಂದು ವಾಪಸ್ಸಿಟ್ಟುಬಿಡುವರು.

ಅವರೂ ನನ್ನಪ್ಪನೂ ಹುಟ್ಟಿದ್ದು ಕನಕಪುರ ರಸ್ತೆಯಾಚೆ, ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ. ಬೇಸಿಗೆ ರಜೆಗೆ ನಾವು ಮಕ್ಕಳೆಲ್ಲ ಅಲ್ಲೇ. ಹೊಂಗೆಮರದ ಬುಡದಲ್ಲಿ ಹರಿಯುವ ಹಳ್ಳಕ್ಕೆ ಯಾರಾದರೂ ಉಗಿದರೆ ಅತ್ತೆಯಿಂದ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು.

ಕೆಲವು ವರ್ಷಗಳ ಹಿಂದೆ ನನ್ನ ಚಿಕ್ಕಪ್ಪನ ಮಗ, ಜೆ.ಪಿ. ನಗರದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿರುವ ತಮ್ಮ, ಊರು ನೋಡಿಕೊಂಡು ಬರೋಣವೆಂದು ಎಲ್ಲರನ್ನೂ ಹೊರಡಿಸಿದ. ಕಣಿವೆ ಹಾಗೆಯೇ ಇತ್ತು. ತಮ್ಮನ ಪಾಲಿದ್ದ ಒಳಭಾಗಕ್ಕೆ ಕಾರು ಹೋಗುವ ದಾರಿಯಿಲ್ಲ; ದಾರಿ ಮಾಡಬೇಕಾದರೆ ಅತ್ತೆಯ ಪಾಲಿನ ಹೊಲದ ಮೇಲೇ ಹಾಯಬೇಕು. ಹೊಲದಂಚಿನಲ್ಲಿ ಕಾರು ನಿಲ್ಲಿಸಿ ನಡೆದು ಇಳಿದೆವು. ಹಳ್ಳದ ದಂಡೆಯಲ್ಲಿ ಕೂತ ಅತ್ತೆಯ ಮುಖ ಎಷ್ಟೋ ಕಾಲದ ಮೇಲೆ ಸಡಿಲವಾಯಿತು.

ಊಟವಾದ ಮೇಲೆ ತಮ್ಮನೂ ಅವನು ಕರೆತಂದಿದ್ದ ರೆಸಾರ್ಟ್ ಕಟ್ಟಿಸುವವನೂ ಬಿರಿಯಾನಿ ತಟ್ಟೆ, ಮೂಳೆ, ಬಿಯರ್ ಬಾಟಲಿಗಳನ್ನು ಹಳ್ಳಕ್ಕೇ ಎಸೆದರು. ನೀರಿನ ಮೇಲೆ ಎಣ್ಣೆಯ ಪಸೆ ಹರಡಿತು. ರೆಸಾರ್ಟಿನವನು ಅದೇ ನೀರಿಗೆ ಬಾಯಿ ಮುಕ್ಕಳಿಸಿ ಉಗಿದು, ಇಲ್ಲೊಂದು ಈಜುಕೊಳ ಸಖತ್ತಾಗಿರುತ್ತದೆ ಎಂದ. ನಮ್ಮವರೆಲ್ಲ ಹಲ್ಲು ಕಿರಿದರು.

ಅತ್ತೆ ಸೀರೆ ಎತ್ತಿ ಕಟ್ಟಿ ನೀರಿಗಿಳಿದರು. ಎಂಜಲು ತಟ್ಟೆ, ಮೂಳೆಗಳನ್ನೆಲ್ಲ ಸೆರಗಿಗೆ ತುಂಬಿಕೊಂಡು ಏರು ಹತ್ತಿದರು. ಬಾಟಲಿಗಳನ್ನು ಹಿಡಿದು ನಾನು ಹಿಂದೆ ನಡೆದೆ. ಹಿಂದೆಯೇ ಬಂದ ತಮ್ಮನಿಂದ ಅವನ ಕಾರಿನ ಬಾಗಿಲು ತೆಗೆಸಿ, ಎಲ್ಲವನ್ನೂ ಸೀಟಿನ ಮೇಲೆ ಸುರಿದರು.

"ಏನತ್ತೆ ಇದು ಗಲೀಜು?" ಎಂದ ತಮ್ಮ.

"ನಿಂದೇ ಕಣೋ, ಮನೆಗೆ ತಗೊಂಡೋಗು. ನಾನಿರೋವರ್ಗೂ ಈ ಹೊಲದ ಮೇಲೆ ನಿನ್ನ ಚಕ್ರ ಉರುಳಲ್ಲ."

ನಾವಿಬ್ಬರೂ ಬಸ್ಸಿನಲ್ಲಿ ಮರಳಿದೆವು. ಅತ್ತೆಯ ಸೆರಗು ನಾರುತ್ತಿತ್ತು. ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡರೂ ಅವರು ನೆಟ್ಟಗೆ ಕೂತಿದ್ದರು.

ಹೋದ ವರ್ಷ ಅತ್ತೆ ತೀರಿಕೊಂಡರು. ಮಕ್ಕಳಿಲ್ಲದ ಅವರ ಹೊಲ ಉಯಿಲಿನಂತೆ ನನಗೆ ಬಂತು. ತಿಥಿಯ ಊಟದಲ್ಲಿ ತಮ್ಮ ನನ್ನ ಪಕ್ಕದಲ್ಲೇ ಕೂತು, ಬೆರಳಿನ ಪಾಯಸ ನೆಕ್ಕುತ್ತಾ, "ಇನ್ಯಾರಕ್ಕ ಬೇಡ ಅನ್ನೋರು? ದಾರಿಗೊಂದು ಸೈನ್ ಹಾಕ್ಬಿಡು," ಎಂದ.

"ನಾನಿದ್ದೀನಲ್ಲ," ಎಂದು ಎಲೆ ಮಡಿಚಿ ಎದ್ದೆ.

ಅಂದಿನಿಂದ ತಮ್ಮನ ಮನೆಯ ಶುಭಕಾರ್ಯಗಳಿಗೆ ನನಗೆ ಕರೆಯಿಲ್ಲ. ಮೊನ್ನೆ ಮಗಳೊಡನೆ ಕಣಿವೆಗಿಳಿದೆ. ಹಳ್ಳದ ತಳದ ಮರಳು ನಿಚ್ಚಳವಾಗಿ ಕಾಣುತ್ತಿತ್ತು. ಅವಳು ನನ್ನನ್ನು ಕೇಳದೆಯೇ ಬಗ್ಗಿ ಬೊಗಸೆ ತುಂಬ ನೀರು ಕುಡಿದಳು. ನಾನು ತಡೆಯಲಿಲ್ಲ.