ಇಪ್ಪತ್ತು ನಿಮಿಷದ ಹೊಲಿಗೆ

ನಾಲ್ಕರಲ್ಲಿ ಯಾವುದು ಅಕ್ಕನನ್ನು ಹೊಲಿಗೆಯ ಮೇಜಿನಲ್ಲೇ ಉಳಿಸಿತು? ನೀರೊಳಗಿನ ವ್ಯಾಯಾಮವೇ, ನಿದ್ದೆಯ ಶಿಸ್ತೇ, ಆಪ್ತಸಮಾಲೋಚಕಿಯೊಡನೆ ಆಡಿದ ಮಾತೇ, ಇಪ್ಪತ್ತು ನಿಮಿಷಕ್ಕೊಮ್ಮೆ ಕಿರುಚಿಕೊಳ್ಳುವ ಅಡುಗೆಮನೆಯ ಟೈಮರೇ? ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷ ವಿಜ್ಞಾನ ಕಲಿಸಿದ ತಂಗಿಗೆ ಉತ್ತರ ಹೊಳೆಯಲಿಲ್ಲ. ನಾಲ್ಕರಲ್ಲಿ ಇದೇ ಎಂದು ಬೆರಳಿಟ್ಟು ತೋರಿಸಲು ಇದನ್ನು ಬರೆಯುವ ಹೊತ್ತಿಗೂ ಯಾರಿಗೂ ಆಗಿಲ್ಲ.

ಅಕ್ಕ ಕಾಲೇಜಿನ ಗ್ರಂಥಾಲಯದಲ್ಲಿ ಬೈಂಡರ್. ನೆಲಮಾಳಿಗೆಯ ಕೋಣೆ, ಇದ್ದೊಂದು ಕಿಟಕಿಯಲ್ಲಿ ಕಾಣುವುದು ದಾರಿಹೋಕರ ಪಾದಗಳು ಮಾತ್ರ. ಹರಿದು ಬಂದ ಪುಸ್ತಕವನ್ನು ಬಿಚ್ಚಿ, ಹದಿನಾರು ಪುಟಗಳ ಒಂದೊಂದು ಮಡಿಕೆಯನ್ನೂ ಮತ್ತೆ ದಾರದಲ್ಲಿ ಹೊಲಿದು, ಬೆನ್ನಿಗೆ ಅಂಟು ಬಳಿದು, ರಟ್ಟು ಹಾಕುವುದು ಅವಳ ಕಸುಬು. ಆ ಕಸುಬಿಗೊಂದು ಕಟ್ಟಳೆಯಿತ್ತು: ಹಿಡಿದ ಪುಸ್ತಕವನ್ನು ಹಿಡಿದ ಕೈಯೇ ಒಂದೇ ಪಟ್ಟಿನಲ್ಲಿ ಹೊಲಿದು ಮುಗಿಸಬೇಕು. ನಡುವೆ ಬಿಟ್ಟರೆ ದಾರದ ಬಿಗಿ ಬದಲಾಗಿ ಬೆನ್ನು ಸೊಟ್ಟಗಾಗುತ್ತದೆ.

ಐವತ್ತೆರಡರಲ್ಲಿ ಅವಳಿಗೆ ಮೈಯೆಲ್ಲ ನೋವು ಹತ್ತಿತು. ಇಂದು ಭುಜ, ನಾಳೆ ಸೊಂಟ, ಮರುದಿನ ಅಂಗೈ. ಎಷ್ಟು ಮಲಗಿದರೂ ಮೂಟೆ ಹೊತ್ತು ಬಂದವಳಂತೆ ಏಳುತ್ತಿದ್ದಳು. ರಕ್ತಪರೀಕ್ಷೆ ಸರಿ, ಎಕ್ಸ್‌-ರೇ ಸರಿ, ಸ್ಕ್ಯಾನ್ ಸರಿ. ಮೂರನೆಯ ವೈದ್ಯೆ ಅದಕ್ಕೊಂದು ಹೆಸರು ಕೊಟ್ಟರು: ಫೈಬ್ರೊಮಯಾಲ್ಜಿಯ.

“ಎಲ್ಲಾ ಸರಿ ಇದೆ ಅಂದ್ಮೇಲೆ ನೋವು ಎಲ್ಲಿಂದ ಬಂತು ಡಾಕ್ಟ್ರೇ?” ತಂಗಿ ಪಟ್ಟು ಹಿಡಿದಳು.

“ನೋವು ಸುಳ್ಳಲ್ಲ. ನೋವಿನ ಸುದ್ದಿ ಸಾಗಿಸೋ ನರಗಳು, ಅದನ್ನ ಕೇಳಿಸಿಕೊಳ್ಳೋ ಮಿದುಳು, ಎರಡೂ ಸಣ್ಣದನ್ನ ದೊಡ್ಡದು ಮಾಡ್ತಿವೆ. ಬರೀ ಮಾತ್ರೆಯಿಂದ ಆಗೋ ಕೆಲಸ ಅಲ್ಲ ಇದು.”

“ನಮ್ಮತ್ತೆ ತರ ಅನ್ನಿ,” ಎಂದಳು ಅಕ್ಕ. “ಲೋಟ ಬಿದ್ರೆ ಮನೆ ಬಿತ್ತು ಅಂತಿದ್ರು.”

ವೈದ್ಯೆ, ವ್ಯಾಯಾಮ ಚಿಕಿತ್ಸಕ, ಆಪ್ತಸಮಾಲೋಚಕಿ ಒಟ್ಟಿಗೆ ಕೂತು ಯೋಜನೆ ಹಾಕಿದರು. ಅದರಲ್ಲಿ ಅಕ್ಕನಿಗೆ ಗಂಟಲಲ್ಲಿ ಇಳಿಯದ್ದು ಒಂದೇ: ಇಪ್ಪತ್ತು ನಿಮಿಷ ಕೆಲಸ, ಹತ್ತು ನಿಮಿಷ ವಿಶ್ರಾಂತಿ, ನೋವು ಬಂದ ಮೇಲಲ್ಲ, ಬರುವ ಮೊದಲೇ ನಿಲ್ಲಿಸಬೇಕು. ಅತ್ತ ಮುಖ್ಯ ಗ್ರಂಥಪಾಲಕರು ಒಂದು ವರ್ಷದ ಗಡುವು ಕೊಟ್ಟಿದ್ದರು. ತಿಂಗಳಿಗೆ ಹತ್ತು ಪುಸ್ತಕ ಆಗದಿದ್ದರೆ ಅವಳು ಎರವಲು ಕೌಂಟರಿನಲ್ಲಿ ಕೂರಬೇಕು. ಮುಚ್ಚಿದ ಪುಸ್ತಕಕ್ಕೆ ಮುದ್ರೆ ಒತ್ತುತ್ತ ಕೂರುವುದೆಂದರೆ ಅವಳಿಗೆ ಬದುಕಿದ್ದೂ ಇಲ್ಲದಂತೆ.

“ಒಂದೊಂದೇ ಮಾಡೋಣ ಅಕ್ಕಾ. ಎರಡು ತಿಂಗಳು ನೀರು, ಆಮೇಲೆ ನಿದ್ದೆ. ಇಲ್ಲಾಂದ್ರೆ ಯಾವುದರಿಂದ ಗುಣ ಆಯ್ತು ಅಂತ ಗೊತ್ತಾಗಲ್ಲ.”

“ಮನೆಗೆ ಬೆಂಕಿ ಬಿದ್ದಾಗ ಯಾವ ಕೊಡದ ನೀರು ಆರಿಸ್ತು ಅಂತ ಲೆಕ್ಕ ಇಡ್ತೀಯಾ ಟೀಚರಮ್ಮಾ?”

ಎಲ್ಲವೂ ಒಟ್ಟಿಗೇ ಶುರುವಾದವು. ತಂಗಿ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಬರೆಸಿಕೊಂಡಳು. ಅಂಕಗಳು ಅವಳ ತಲೆ ಕೆಡಿಸಿದವು. ಈಜುಕೊಳಕ್ಕೆ ಹೋದ ಮೊದಲ ವಾರ ಅಕ್ಕ ಮೆಟ್ಟಿಲು ಹತ್ತಲಾರದಾದಳು. ಚಿಕಿತ್ಸಕ ವ್ಯಾಯಾಮವನ್ನು ಐದೇ ನಿಮಿಷಕ್ಕೆ ಇಳಿಸಿ ಮೆಲ್ಲಮೆಲ್ಲನೆ ಏರಿಸಿದ. ಚೆನ್ನಾಗಿ ನಿದ್ದೆ ಬಂದ ವಾರ ನೋವು ಏರಿತು, ಕೊಳಕ್ಕೆ ಚಕ್ಕರ್ ಹೊಡೆದ ವಾರ ಇಳಿಯಿತು. ಟೈಮರ್ ಇಟ್ಟು ಹೊಲಿದ ಮೊದಲ ಪುಸ್ತಕ ನಿಜಕ್ಕೂ ಸೊಟ್ಟಗಾಯಿತು. ಅಕ್ಕ ಅದನ್ನು ಪೂರ್ತಿ ಬಿಚ್ಚಿ, ಹಲ್ಲುಕಚ್ಚಿ ಒಂದೇ ಪಟ್ಟಿನಲ್ಲಿ ಮತ್ತೆ ಹೊಲಿದು, ಮೂರು ದಿನ ಹಾಸಿಗೆ ಹಿಡಿದಳು.

ಆರನೆಯ ತಿಂಗಳವರೆಗೆ ತಿಂಗಳಿಗೆ ನಾಲ್ಕು ಪುಸ್ತಕ ದಾಟಲಿಲ್ಲ. ಆಮೇಲೆ ಏಳಾಯಿತು, ಎಂಟಾಯಿತು, ಗಡುವಿನ ತಿಂಗಳು ಹತ್ತು. ಒಂದರ ಬೆನ್ನೂ ಸೊಟ್ಟಗಿರಲಿಲ್ಲ. ಗ್ರಂಥಪಾಲಕರು ಎರವಲು ಕೌಂಟರಿಗೆ ಬೇರೊಬ್ಬರನ್ನು ಹಾಕಿದರು.

ತಂಗಿಗೆ ಖುಷಿಪಡಬೇಕೋ ಸಂಶಯಪಡಬೇಕೋ ತಿಳಿಯಲಿಲ್ಲ. ನೋವು ಏಳರಿಂದ ಆರಕ್ಕೆ ಇಳಿದಿತ್ತು, ಅಷ್ಟೇ. ಕೆಲಸ ಮಾತ್ರ ಎರಡೂವರೆ ಪಟ್ಟು! ವೈದ್ಯೆಯನ್ನೇ ಕೇಳಿದಳು.

“ನೋವು ಎಷ್ಟು ಇಳೀತು ಅನ್ನೋದೊಂದೇ ಅಲ್ಲ, ನೋವಿದ್ದೂ ಎಷ್ಟು ಬದುಕೋಕಾಯ್ತು ಅನ್ನೋದೂ ಮುಖ್ಯ,” ಎಂದರು ಅವರು. ಮಾತು ಸರಿಯೆನಿಸಿತು, ಜಾರಿಕೆಯ ಉತ್ತರವೂ ಅನಿಸಿತು.

“ನಿಜ ಹೇಳು ಅಕ್ಕಾ, ಯಾವುದರಿಂದ ಆಯ್ತು?”

“ಆಗ್ತಿದೆ ಕಣೇ. ಆಗೋದನ್ನ ಕೆದಕಬೇಡ,” ಎಂದು ಅಕ್ಕ ಸೂಜಿಗೆ ದಾರ ಪೋಣಿಸಿದಳು.

ನಾಲ್ಕು ವರ್ಷ ಹಾಗೇ ನಡೆಯಿತು. ಬಳಿಕ ನೋವಿಗೆ ಸಂಬಂಧವೇ ಇರದ ನ್ಯುಮೋನಿಯ ಒಂಬತ್ತೇ ದಿನಗಳಲ್ಲಿ ಅವಳನ್ನು ಕೊಂಡೊಯ್ದಿತು.

ಅಕ್ಕನ ಸಾಮಾನು ತರಲು ತಂಗಿ ನೆಲಮಾಳಿಗೆಗೆ ಇಳಿದಾಗ, ಗ್ರಂಥಾಲಯದ ಕಸ ಗುಡಿಸುವ ಹೆಂಗಸು ಪೊರಕೆಯನ್ನು ಗೋಡೆಗೆ ಒರಗಿಸಿ ಹೊಲಿಗೆಯ ಮೇಜಿನ ಮುಂದೆ ಕೂತಿದ್ದಳು. ಅರ್ಧ ಹೊಲಿದ ಪುಸ್ತಕವೊಂದು ಅವಳ ಮುಂದಿತ್ತು.

“ಇದೊಂದು ಮುಗಿಸ್ಬಿಡ್ತೀನಿ ಮೇಡಂ, ಒಬ್ಬಳೇ ಕೂತ್ರೆ ನಿಧಾನ ಆಗುತ್ತೆ.”

“ನಿಮಗೆ ಇದು ಬರುತ್ತಾ?”

“ಅಕ್ಕನೇ ಕಲಿಸಿದ್ದು. ದಾರ ಎಳೆಯೋದು ಅವರ ತರಾನೇ ಆಗ್ಲಿ ಅಂತ ಹಳೇ ಪತ್ರಿಕೆ ಮೇಲೆ ಮೂರು ತಿಂಗಳು ಕೈ ಹಿಡಿದು ಹೊಲಿಸಿದ್ರು. ಇಪ್ಪತ್ತು ನಿಮಿಷ ಅವರು, ಅವರು ಕಾಲು ಚಾಚಿದಾಗ ನಾನು. ಗಡುವಿನ ತಿಂಗಳು ಹತ್ತು ಪುಸ್ತಕ ಅಂತ ಲೆಕ್ಕ ಕೊಟ್ರಲ್ಲ, ಆ ತಿಂಗಳಿಂದ ಒಬ್ಬರೇ ಹೊಲಿದ ಪುಸ್ತಕ ಈ ಕೋಣೆಯಿಂದ ಒಂದೂ ಹೋಗಿಲ್ಲ.”