ಗಾಜಿಗೆ ಅಂಟಿಸಿದ ಕಾಗದ

ಗೆಳೆಯರೇ, ಬೀದರಿನ ನಮ್ಮ ಮನೆಯ ಅಂಗಳದಲ್ಲಿ ಇವತ್ತು ಅಪ್ಪ ಹಳೆಯ ಕೆಂಪು ಕಾರಿಗೆ ಬಿಳಿ ಬಣ್ಣ ಹೊಡೆಯುತ್ತಿದ್ದರು. ಅಕ್ಕನ ಮದುವೆಯಲ್ಲಿ ಭಾಲ್ಕಿಯ ವರನಿಗೆ ಕೊಡುವ ಕಾರು ಅದು. ಮನೆಯಲ್ಲಿ ಅದಕ್ಕೆ ಉಡುಗೊರೆ ಎನ್ನುತ್ತಾರೆ. ನಾನು ವರದಕ್ಷಿಣೆ ಎಂದದ್ದಕ್ಕೆ ಅಪ್ಪ ನನ್ನೊಡನೆ ಮಾತು ಬಿಟ್ಟಿದ್ದರು.

ಬಣ್ಣ ತಾಗದಂತೆ ಗಾಜುಗಳಿಗೆಲ್ಲ ಕಾಗದ ಅಂಟಿಸಲಾಗಿತ್ತು. ಹತ್ತಿರ ಹೋಗಿ ನೋಡಿದರೆ ನಾನೇ ಅಚ್ಚು ಹಾಕಿಸಿದ ಕರಪತ್ರಗಳು: ‘ವರದಕ್ಷಿಣೆ ಕೇಳುವ ಮನೆಗೆ ಹೆಣ್ಣು ಕೊಡಬೇಡಿ!’

ಅಷ್ಟರಲ್ಲಿ ವರನ ಕಾಕಾ ಕಾರು ನೋಡಲು ಬಂದರು. ಮುಂದಿನ ಗಾಜಿನೆದುರು ನಿಂತು ಮೊದಲಿನಿಂದ ಕೊನೆಯವರೆಗೂ ಓದಿದರು.

“ಏನ್ರಿ ಇದು?”

“ಹಳೀ ರದ್ದಿರಿ ಬೀಗರ, ಮನ್ಯಾಗ ಬಿದ್ದಿತ್ತು,” ಎಂದರು ಅಪ್ಪ. ನನಗೆ ಚುಚ್ಚಿತು.

ಕಾಕಾ ನಕ್ಕು ಕಾರಿನ ಬಾಗಿಲು ತಟ್ಟಿದರು. “ಇರಲಿ ಬಿಡ್ರಿ. ಇಲ್ಲಿ ಇನ್ನೊಂದು ಕೋಟ್ ಹೊಡೀರಿ, ಕೆಂಪು ಕಾಣಲತ್ತದ.”

ಚಹಾ ತಂದ ಅಕ್ಕ ಅಲ್ಲೇ ನಿಂತಳು. “ಕಾಕಾ, ಅದು ರದ್ದಿ ಅಲ್ಲರಿ. ಗಾಜಿಗೆ ಹಚ್ಚಿದಾಕಿ ನಾನೇ. ಪೂರಾ ಓದೀರಲ್ಲಾ, ಈಗ ಕೇಳ್ರಿ. ಕಾರ್ ಒಯ್ದರ ನಾ ಬರಂಗಿಲ್ಲ.”

ಅವರು ಚಹಾ ಮುಟ್ಟದೆ ಹೊರಟುಹೋದರು. ಅಪ್ಪ ಸ್ಪ್ರೇ ಗನ್ ಕೆಳಗಿಟ್ಟು ಕಟ್ಟೆಯ ಮೇಲೆ ಕುಳಿತರು. ನನ್ನತ್ತ ತಿರುಗಿ, “ಉಳಿದ ಬಣ್ಣ ಏನ್ ಮಾಡಬೇಕೋ?” ಎಂದರು. ಕಾರು ಇನ್ನೂ ಅರ್ಧ ಕೆಂಪಾಗಿಯೇ ನಿಂತಿದೆ.

ಬೀದಿಯಲ್ಲಿ ಕೊಟ್ಟ ಕರಪತ್ರವನ್ನು ಜನ ಮಡಚಿ ಜೇಬಿಗಿಟ್ಟುಕೊಳ್ಳುತ್ತಾರೆ. ಗಾಜಿಗೆ ಅಂಟಿದ್ದನ್ನು ಮಡಚಲು ಬರುವುದಿಲ್ಲ.