ಲೆವಿನ್ ಪಕ್ಕದ ಜಾಗ

ಆರ್ಡೆಲ್ಲಾ ಅಪ್ಷರ್ ಹುಟ್ಟಿದ್ದು ಚೆಸಪೀಕ್ ಕೊಲ್ಲಿಯ ಆಚೆ, ನಾರ್ಫೋಕ್‌ನಲ್ಲಿ. ಹಸುಗೂಸಾಗಿದ್ದಾಗಲೇ ಉಗಿಹಡಗಿನಲ್ಲಿ ಈಚೆ ದಂಡೆಗೆ ಬಂದಳು. ಆಮೇಲೆ ಎಪ್ಪತ್ತು ವರ್ಷ ಇಲ್ಲಿಯದೇ ಏಡಿ ತಿಂದು, ಇಲ್ಲಿಯವನನ್ನೇ ಮದುವೆಯಾಗಿ, ಅರ್ಧ ಊರಿಗೆ ಹೆರಿಗೆ ಮಾಡಿಸಿದರೂ ನಮ್ಮವರ ಬಾಯಲ್ಲಿ ಅವಳು 'ಬಂದವಳು'. ಈ ದಂಡೆಯಲ್ಲಿ ಹುಟ್ಟಿದವರು ಮಾತ್ರ 'ಇಲ್ಲಿಯವರು'. ನಮ್ಮ ಜನದ ಈ ಕೊಬ್ಬಿಗೆ ನೀರೇ ಕಾವಲಾಗಿತ್ತು. ಆಚೆ ಹೋಗಬೇಕೆಂದರೆ ಫೆರಿ ಹಡಗಿಗೆ ಕಾಯಬೇಕಿತ್ತು, ಮಂಜು ಬಿದ್ದರೆ ಅದೂ ಇಲ್ಲ.

ಸತ್ತ ಮೇಲೂ ಆ ಕೊಬ್ಬು ಇಳಿಯುತ್ತಿರಲಿಲ್ಲ. ನಮ್ಮ ಕರಿಯರ ಚರ್ಚಿನ ಸ್ಮಶಾನದಲ್ಲಿ ಇಲ್ಲಿಯವರು ಮುಂದೆ, ಬಂದವರು ಹಿಂದೆ, ಬೇಲಿಯ ಪಕ್ಕ. ಆರ್ಡೆಲ್ಲಾಳ ಗಂಡ ಲೆವಿನ್ ತೀರಿಕೊಂಡಾಗ ಅವನನ್ನು ಮುಂದಿನ ಸಾಲಿನಲ್ಲಿ ಮಣ್ಣು ಮಾಡಿದರು. ಪಕ್ಕದ ಜಾಗ ತನ್ನದು ಎಂದು ಅವಳು ಸಿಂಪಿ ಚಿಪ್ಪು ಊರಿ ಗಡಿ ಹಾಕಿದಳು. ಸ್ಮಶಾನದ ಉಸ್ತುವಾರಿ ಚರ್ಚಿನ ಹಿರಿಯ, ಡೀಕನ್ ಎಜ್ರಾ ಗಿಡೆನ್ಸ್‌ನದು. ಅವನು ಚಿಪ್ಪುಗಳನ್ನು ಕಿತ್ತು ಬೇಲಿಯ ಬಳಿ ರಾಶಿ ಹಾಕಿದ. ಅವಳು ಮತ್ತೆ ಊರಿದಳು. ಅವನು ಮತ್ತೆ ಕಿತ್ತ.

"ದೊಡ್ಡಮ್ಮ, ಈ ಪದ್ಧತಿ ನಾನು ಮಾಡಿದ್ದಲ್ಲ" ಎಂದ.

"ನಿನ್ನ ಹೊರಗೆ ಎಳೆದಿದ್ದು ಮಾತ್ರ ನಾನೇ ಕಣೋ. ಬಂದವಳ ಕೈ ಬೇಡ ಅಂತ ಆವತ್ತು ನಿಮ್ಮಮ್ಮ ಅನ್ನಲಿಲ್ಲ. ಲೆವಿನ್ ಪಕ್ಕ ಬಿಟ್ಟು ನಾನು ಇನ್ನೆಲ್ಲೂ ಮಲಗಲ್ಲ."

ಅರವತ್ನಾಲ್ಕರ ಏಪ್ರಿಲ್‌ನಲ್ಲಿ ಆಚೆ ದಂಡೆಗೆ ಸೇತುವೆ ತೆರೆಯಿತು, ಫೆರಿ ನಿಂತಿತು. ವರ್ಷಗಟ್ಟಲೆ ಬಿರುಗಾಳಿಯ ಜೊತೆ ಗುದ್ದಾಡಿ ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಕಂಬ ನೆಟ್ಟಿದ್ದರು. ನೌಕಾಪಡೆಯ ಹಡಗುಗಳಿಗೆ ದಾರಿ ಬಿಡಬೇಕಲ್ಲ, ಅದಕ್ಕೆ ನೀರಿನ ನಡುವೆ ಬಂಡೆ ಸುರಿದು ದ್ವೀಪ ಕಟ್ಟಿ, ಎರಡು ಕಡೆ ರಸ್ತೆಯನ್ನು ನೀರಿನಡಿಯ ಸುರಂಗಕ್ಕೆ ಇಳಿಸಿದ್ದರು. ಎಜ್ರಾನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. "ಇನ್ನು ದಾರೀಲಿ ಹೋಗೋರೆಲ್ಲ ಇಲ್ಲಿಗೇ ಬಂದು ಕೂತ್ಕೋತಾರೆ" ಎಂದು ಗೊಣಗುತ್ತಿದ್ದ.

ಜುಲೈನಲ್ಲಿ ಎಜ್ರಾನ ಸೊಸೆ ವರ್ಲೀನ್‌ಗೆ ಹೆರಿಗೆ ನೋವು ಶುರುವಾಯಿತು. ಮಗ ಹಡಗಿನ ಕೆಲಸಕ್ಕೆ ಹೋಗಿದ್ದ. ಆರ್ಡೆಲ್ಲಾ ಹೊಟ್ಟೆ ಮುಟ್ಟಿ ನೋಡಿ ಎದ್ದು ನಿಂತಳು.

"ಮಗು ಅಡ್ಡ ಮಲಗಿದೆ. ನನ್ನ ಕೈಲಾಗಲ್ಲ. ನಾರ್ಫೋಕ್‌ಗೆ ಹೋಗ್ಬೇಕು, ಕಾರು ತೆಗಿ."

ಎಜ್ರಾ ಬಾಗಿಲಲ್ಲೇ ನಿಂತ. "ಆಚೇಗಾ? ನಮ್ಮ ಮನೇಲಿ ಯಾರೂ ಆಚೆ ಹುಟ್ಟಿಲ್ಲ. ಇನ್ನೊಂದು ಸಲ ತಿರುಗಿಸಿ ನೋಡಿ ದೊಡ್ಡಮ್ಮ."

"ನೋಡಾಯ್ತು, ತಿರುಗಲ್ಲ. ಇವಳನ್ನ ನಿನ್ನ ಮುಂದಿನ ಸಾಲಲ್ಲಿ ಮಲಗಿಸೋ ಆಸೆ ಇದ್ರೆ ಹೀಗೇ ನಿಂತಿರು."

ಎಜ್ರಾ ಕಾರು ತೆಗೆದ. ಸುರಂಗದೊಳಗೆ ವರ್ಲೀನ್ ಚೀರಿಕೊಂಡಾಗ ಅವನ ಕಾಲು ತಾನಾಗಿ ಬ್ರೇಕಿಗೆ ಹೋಯಿತು.

"ನಿಲ್ಲಿಸಿದ್ರೆ ಕಾಲು ಮುರೀತೀನಿ" ಎಂದಳು ಹಿಂದಿನ ಸೀಟಿನಿಂದ ಆರ್ಡೆಲ್ಲಾ. ಫೆರಿಯ ಕಾಲದಲ್ಲಿ ಹೀಗೇ ಅಡ್ಡ ಮಲಗಿದ ಮಗುವನ್ನೂ ತಾಯಿಯನ್ನೂ ಅವಳು ಮಂಜು ಕವಿದ ಹಡಗುಕಟ್ಟೆಯ ಮೇಲೆ, ಫೆರಿಗೆ ಕಾಯುತ್ತಲೇ ಕಳೆದುಕೊಂಡಿದ್ದಳು. ಈ ಸೇತುವೆಯನ್ನು ಬೈಯುವವರನ್ನು ಕಂಡರೆ ಅವಳಿಗೆ ಮೈ ಉರಿಯುತ್ತಿದ್ದುದು ಅದಕ್ಕೇ.

ನಾರ್ಫೋಕ್‌ನಲ್ಲಿ ನಮ್ಮ ಹಾಗೇ ಕರಿಯರಾದ ಡಾಕ್ಟರು ಹೊಟ್ಟೆ ಕೊಯ್ದು ಮಗು ತೆಗೆದರು. ಗಂಡು. ತಾಯಿಯೂ ಉಳಿದಳು.

ಮಗು ಮೊದಲ ಸಲ ಚರ್ಚಿಗೆ ಬಂದ ಭಾನುವಾರ, ಪ್ರಾರ್ಥನೆ ಮುಗಿದ ಮೇಲೆ ಆರ್ಡೆಲ್ಲಾ ಬೇಲಿಯ ಬಳಿಯ ಚಿಪ್ಪುಗಳನ್ನು ಬಕೆಟ್ಟಿಗೆ ತುಂಬಿಕೊಂಡಳು. ಎಲ್ಲರ ಕಣ್ಣೆದುರೇ ಲೆವಿನ್ ಪಕ್ಕ ಕೂತು ಊರತೊಡಗಿದಳು. ಎಜ್ರಾ ಮೊಮ್ಮಗನನ್ನು ಎತ್ತಿಕೊಂಡೇ ಧಾವಿಸಿ ಬಂದ.

"ಕೀಳ್ತೀಯಾ? ಕೀಳು" ಎಂದಳು ಅವಳು. "ಆದ್ರೆ ಬೇಲಿ ಹತ್ರ ಎರಡು ಜಾಗ ಅಳೆದಿಡು. ಒಂದು ನಂಗೆ. ಇನ್ನೊಂದು, ಅವನು ನೂರು ವರ್ಷ ಬಾಳಿದ ಮೇಲೆ, ನಿನ್ನ ತೋಳಲ್ಲಿರೋ ಆ ಬಂದವನಿಗೆ."

ಎಜ್ರಾ ಬೇಲಿಯ ಕಡೆ ನೋಡಿದ, ಮಗುವನ್ನು ನೋಡಿದ. ಆಮೇಲೆ ಮಗುವನ್ನು ಅವಳ ಮಡಿಲಿಗೆ ಹಾಕಿ, ಭಾನುವಾರದ ಪ್ಯಾಂಟಿನಲ್ಲೇ ಮಂಡಿಯೂರಿ, ಬಕೆಟ್ಟಿನಿಂದ ಒಂದು ಚಿಪ್ಪು ತೆಗೆದುಕೊಂಡ.

"ಆಳವಾಗಿ ಊರು" ಎಂದಳು ಆರ್ಡೆಲ್ಲಾ. "ಪದೇ ಪದೇ ಬಗ್ಗೋ ವಯಸ್ಸಲ್ಲ ನಂದು."